ಫೌಂಡ್ರಿಯಿಂದ ಬಂದ ಹಾಡುಗಾರ

(ಯುವಕರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಒಬ್ಬ ಹಾಡುಗಾರನ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಹೆಸರು ರೋಲ್ಯಾಂಡ್ ಹೇಯ್ಸ್. ಅಮೆರಿಕದ ಕಪ್ಪು ಜನಾಂಗದವನು. 1887ರಲ್ಲಿ ಹುಟ್ಟಿದ, 1977ರ ಜನವರಿ 1ರಂದು ತೀರಿಕೊಂಡ. ನಮ್ಮಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರು ಕೇಳದವರಿಲ್ಲ. ಪಾಲ್ ರೋಬ್ಸನ್ ಹಾಡು ಕೇಳಿದವರೂ ಇದ್ದೀರಿ. ಆದರೆ ರೋಬ್ಸನ್ ವೇದಿಕೆ ಹತ್ತುವುದಕ್ಕೆ ಮೊದಲೇ ಆ ದಾರಿ ತುಳಿದವನು ಹೇಯ್ಸ್. ರೋಬ್ಸನ್‌ಗೆ ಪಿಯಾನೋ ನುಡಿಸುತ್ತಿದ್ದ ಲಾರೆನ್ಸ್ ಬ್ರೌನ್ ಕೂಡ ಮೊದಲು ಹೇಯ್ಸನ ಜೊತೆಗಾರನೇ.

ಕೂಲಿ, ಭೂಮಿ, ದೌರ್ಜನ್ಯ ಇಷ್ಟೆಲ್ಲ ವಿಷಯ ಇರುವಾಗ ಹಾಡುಗಾರನ ಕತೆ ಯಾಕೆ ಅಂತ ಕೇಳುವವರು ಇರಬಹುದು. ಕಾರಣ ಇದೆ. "ಕೆಳಗಿನಿಂದ ಮೇಲೆ ಬಂದವನು" ಅನ್ನೋ ಮಾತು ಪತ್ರಿಕೆಗಳಿಗೆ ಬಹಳ ಪ್ರೀತಿ. ನಮ್ಮಂಥ ಕಡೆಯಿಂದ ಒಬ್ಬ ಮೇಲೆ ಬಂದರೆ ಸಾಕು, ಫೋಟೋ ಹಾಕಿ ಬರೀತಾರೆ. ಬರೆದು ಉಳಿದವರಿಗೆ ಬುದ್ಧಿ ಹೇಳ್ತಾರೆ: ನೋಡಿ, ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು, ನೀವು ಸುಮ್ಮನೆ ಕೂಗಾಡುತ್ತೀರಿ ಅಂತ. ಈ ಮಾತಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಹೇಯ್ಸನ ಬದುಕನ್ನು ಮುಂದಿಟ್ಟುಕೊಂಡು ಅಳೆದು ನೋಡೋಣ.

ಮೊದಲು ಆತ ಹಾಡಿದ್ದು ಏನು ಅಂತ ಹೇಳಿಬಿಡ್ತೀನಿ. ಪಶ್ಚಿಮದ ಶಾಸ್ತ್ರೀಯ ಸಂಗೀತದಲ್ಲಿ ಗಂಡಸರ ದನಿಯನ್ನು ಎತ್ತರ ತಗ್ಗು ನೋಡಿ ಬೇರೆ ಬೇರೆ ಹೆಸರಿಂದ ಕರೀತಾರೆ. ತಗ್ಗಿನ ದಪ್ಪ ದನಿ ಬಾಸ್, ನಡುವಿನದು ಬ್ಯಾರಿಟೋನ್, ಎತ್ತರದ್ದು ಟೆನರ್. ಆಪೆರಾ ಅಂದರೆ ನಮ್ಮ ಕಂಪನಿ ನಾಟಕ ಇದ್ದ ಹಾಗೆ, ಆದರೆ ಮಾತಿನ ಬದಲಿಗೂ ಹಾಡೇ. ಅದರಲ್ಲಿ ನಾಯಕನ ಪಾರ್ಟು ಸಾಮಾನ್ಯವಾಗಿ ಟೆನರನದು. ಮೈಕಿಲ್ಲ. ಹತ್ತಾರು ವಾದ್ಯಗಳು ಒಟ್ಟಿಗೆ ನುಡಿಯುತ್ತಿದ್ದರೂ ಅವುಗಳನ್ನು ದಾಟಿ ಬರೀ ಗಂಟಲಿನಿಂದ ಕಡೇ ಸಾಲಿನವನಿಗೆ ಹಾಡು ಮುಟ್ಟಿಸಬೇಕು. ಇದು ಉಸಿರಿನ ಕೆಲಸ, ಹೊಟ್ಟೆ ಬೆನ್ನಿನ ಕೆಲಸ, ವರ್ಷಗಟ್ಟಲೆ ದುಡಿಯುವ ಕೆಲಸ. ಜೊತೆಗೆ ಇಟಾಲಿಯನ್, ಜರ್ಮನ್, ಫ್ರೆಂಚ್ ಭಾಷೆಗಳನ್ನು ನಾಲಗೆಗೆ ಒಗ್ಗಿಸಬೇಕು. ಅಂದರೆ ಗುರು ಬೇಕು, ಗುರುವಿಗೆ ಫೀಸು ಬೇಕು, ಕಲಿಯುವ ಅಷ್ಟೂ ವರ್ಷ ಊಟ ಬೇಕು. ದನಿಯೊಂದು ಇದ್ದರೆ ಸಾಲದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಕೇಳಿ.

ಹೇಯ್ಸ್ ಹುಟ್ಟಿದ್ದು ದಕ್ಷಿಣ ಅಮೆರಿಕಾ ಅಲ್ಲ, ಅಮೆರಿಕ ದೇಶದ ದಕ್ಷಿಣ ಭಾಗ. ಜಾರ್ಜಿಯಾ ರಾಜ್ಯದ ಕರ್ರಿವಿಲ್ ಅನ್ನೋ ಹಳ್ಳಿ. ತಾಯಿ ಫ್ಯಾನಿ ಗುಲಾಮಳಾಗಿ ಹುಟ್ಟಿದವಳು. 1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಹೋಯಿತು. ಆದರೆ ಭೂಮಿ ಯಾರದಾಗಿತ್ತೋ ಅವರದೇ ಉಳಿಯಿತು. ನಿನ್ನೆ ಗುಲಾಮರಾಗಿದ್ದವರು ಇವತ್ತು ಅದೇ ಒಡೆಯನ ಅದೇ ಹೊಲವನ್ನು ಪಾಲಿಗೆ ಮಾಡಿದರು. ಬೀಜಕ್ಕೆ ಸಾಲ, ಹಿಟ್ಟಿಗೆ ಸಾಲ, ಬೆಳೆ ಬಂದಾಗ ಲೆಕ್ಕ ಬರೆಯುವವನು ಒಡೆಯ. ಈ ಲೆಕ್ಕ ಹೆಂಗಿರುತ್ತೆ ಅಂತ ಜೀತದ ಮನೆಗಳಿಂದ ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನಿ ಗುಲಾಮಳಾಗಿದ್ದ ಜಮೀನಿನಲ್ಲೇ ಹೇಯ್ಸ್ ಸಂಸಾರ ಬೇಸಾಯ ಮಾಡುತ್ತಿತ್ತು.

ಹುಡುಗನಿಗೆ 11 ವರ್ಷವಾಗಿದ್ದಾಗ ತಂದೆ ತೀರಿಕೊಂಡ. ತಾಯಿ ಒಂದು ತೀರ್ಮಾನ ಮಾಡಿದಳು. ಈ ಮಣ್ಣಿನಲ್ಲಿ ಇದ್ದರೆ ಮಕ್ಕಳಿಗೆ ಅಕ್ಷರ ಹತ್ತೋದಿಲ್ಲ ಅಂತ ಊರು ಬಿಟ್ಟು, ಮಕ್ಕಳನ್ನು ಕರಕೊಂಡು ಟೆನೆಸ್ಸೀ ರಾಜ್ಯದ ಚಟನೂಗ ಪಟ್ಟಣಕ್ಕೆ ಬಂದಳು. ಅಲ್ಲಿ ಅಣ್ಣತಮ್ಮಂದಿರಿಗೆ ಸರದಿ. ಒಬ್ಬ ಶಾಲೆಗೆ ಹೋದರೆ ಇನ್ನೊಬ್ಬ ದುಡಿದು ಮನೆ ನಡೆಸಬೇಕು, ಆಮೇಲೆ ಅದಲುಬದಲು. ರೋಲ್ಯಾಂಡನಿಗೆ ಕೆಲಸ ಸಿಕ್ಕಿದ್ದು ಒಂದು ಕಬ್ಬಿಣದ ಫೌಂಡ್ರಿಯಲ್ಲಿ. ಕಿಟಕಿಗಳಿಗೆ ಕಟ್ಟುವ ಕಬ್ಬಿಣದ ತೂಕ ಎರಕ ಹುಯ್ಯುವ ಕೆಲಸ. ಒಂದು ಸಲ ಯಂತ್ರದ ಬೆಲ್ಟಿಗೆ ಸಿಕ್ಕಿ ಸತ್ತೇ ಹೋಗುವ ಹಾಗಾಯಿತು. ಬದುಕಿದ, ಮತ್ತೆ ಕೆಲಸಕ್ಕೆ ಹೋದ. ಶಾಲೆಯ ಸರದಿ ಮಾತ್ರ ಹಿಂದೆ ಬಿತ್ತು.

ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದ. ಅದನ್ನು ಕೇಳಿದವನು ಆರ್ಥರ್ ಕಾಲ್ಹೌನ್ ಅನ್ನೋ ಪಿಯಾನೋ ವಾದಕ. ಅವನೂ ಕಪ್ಪು ಜನಾಂಗದವನೇ, ಓಬರ್ಲಿನ್‌ನಲ್ಲಿ ಸಂಗೀತ ಕಲಿತು ಬಂದಿದ್ದವನು. ಅವನೇ ಹುಡುಗನಿಗೆ ಪಾಠ ಶುರು ಮಾಡಿದ. ಒಂದು ದಿನ ಒಬ್ಬ ಬಿಳಿಯನ ಮನೆಗೆ ಕರಕೊಂಡು ಹೋಗಿ ಗ್ರಾಮಫೋನಿನಲ್ಲಿ ಒಂದಷ್ಟು ರೆಕಾರ್ಡು ಕೇಳಿಸಿದ. ಅದರಲ್ಲಿ ಇಟಲಿಯ ಎನ್ರಿಕೋ ಕರೂಸೋ ಹಾಡಿದ್ದ ರೆಕಾರ್ಡುಗಳಿದ್ದವು. ಮನುಷ್ಯನ ಗಂಟಲಿನಿಂದ ಇಂಥದು ಬರುತ್ತೆ ಅಂತ ಫೌಂಡ್ರಿ ಹುಡುಗನಿಗೆ ಗೊತ್ತಾದದ್ದು ಆವತ್ತು. ನಾನು ಆಗಬೇಕಾದ್ದು ಇದೇ ಅಂತ ಅವತ್ತೇ ತೀರ್ಮಾನ ಮಾಡಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಕರೂಸೋ ಯಾರು? ಅವನೇನು ಜಮೀನುದಾರನ ಮಗನಲ್ಲ. 1873ರಲ್ಲಿ ನೇಪಲ್ಸಿನ ಬಡ ಕೇರಿಯಲ್ಲಿ ಹುಟ್ಟಿದವನು. ತಂದೆ ಮೆಕ್ಯಾನಿಕ್, ಫೌಂಡ್ರಿ ಕೆಲಸಗಾರ. ಮಗನೂ 11ನೇ ವಯಸ್ಸಿಗೇ ಕಬ್ಬಿಣದ ಕೆಲಸಕ್ಕೆ ಹೋದವನು. ಚರ್ಚಿನಲ್ಲಿ ಹಾಡಿ ಬೆಳೆದವನು. ಅಂದರೆ ಇಬ್ಬರೂ ಕಬ್ಬಿಣದ ಮಸಿ ಹತ್ತಿದ ಹುಡುಗರು, ಇಬ್ಬರೂ ಟೆನರುಗಳು. ಕರೂಸೋ 1903ರಲ್ಲಿ, 30ನೇ ವಯಸ್ಸಿಗೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ರಂಗ ಹತ್ತಿದ. ಸಾಯುವವರೆಗೂ ಅಲ್ಲಿ ರಾಜನ ಹಾಗೆ ಮೆರೆದ. ಹೇಯ್ಸ್ 89 ವರ್ಷ ಬದುಕಿದ. ಒಂದೇ ಒಂದು ದಿನ ಆ ರಂಗದ ಮೇಲೆ ವೇಷ ಹಾಕಿ ಹಾಡಲಿಲ್ಲ. ಬಡತನ ಇಬ್ಬರಿಗೂ ಇತ್ತು. ಬಡತನವನ್ನು ದಾಟಬಹುದು, ಕರೂಸೋ ದಾಟಿದ. ಹೇಯ್ಸನ ಮುಂದೆ ಇದ್ದದ್ದು ಬಡತನ ಒಂದೇ ಅಲ್ಲ. ಜಾತಿಗೂ ಬಡತನಕ್ಕೂ ವ್ಯತ್ಯಾಸ ಇಲ್ಲ, ದುಡ್ಡು ಬಂದರೆ ಎಲ್ಲ ಸರಿಹೋಗುತ್ತೆ ಅನ್ನೋ ಪಂಡಿತರಿಗೆ ಈ ಎರಡು ಫೌಂಡ್ರಿ ಹುಡುಗರ ಕತೆ ಹೇಳಬೇಕು.

ಮಗ ಹಾಡುಗಾರನಾಗಬೇಕು ಅಂದಾಗ ತಾಯಿಗೆ ಸಂತೋಷವಾಗಲಿಲ್ಲ. ಕಪ್ಪು ಮನುಷ್ಯ ಬಿಳಿಯರ ಸಂಗೀತ ಹಾಡಿ ಅನ್ನ ತಿನ್ನೋಕೆ ಸಾಧ್ಯವಾ ಅಂತ ಆಕೆಯ ಪ್ರಶ್ನೆ. ಆಕೆ ಮೂಢಳಲ್ಲ, ಲೋಕ ಕಂಡವಳು. ಆ ದಿನಕ್ಕೆ ಆಕೆಯ ಲೆಕ್ಕ ಸರಿಯಾಗೇ ಇತ್ತು. ಅಂಥ ಹಾಡುಗಾರನಿಗೆ ಅನ್ನ ಕೊಡುವ ವ್ಯವಸ್ಥೆ ಅಲ್ಲಿ ಇರಲಿಲ್ಲ.

1905ರಲ್ಲಿ ಆತ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯ ಸೇರಿದ. ವಿಶ್ವವಿದ್ಯಾಲಯ ಅಂದೆ, ಆದರೆ ಓದಿದ್ದು ಐದನೇ ತರಗತಿ ಮಟ್ಟ. ಬೆಳೆದ ಗಂಡಸು ಚಿಕ್ಕ ಹುಡುಗರ ಪಾಠದಿಂದ ಶುರು ಮಾಡಿದ. ಈ ಫಿಸ್ಕ್ ಬಗ್ಗೆ ಎರಡು ಮಾತು ಹೇಳಲೇಬೇಕು. ಬಿಡುಗಡೆಯಾದ ಗುಲಾಮರ ಮಕ್ಕಳಿಗಾಗಿ 1866ರಲ್ಲಿ ಶುರುವಾದ ಶಾಲೆ ಅದು. ಐದು ವರ್ಷದಲ್ಲಿ ದುಡ್ಡಿಲ್ಲದೆ ಮುಚ್ಚುವ ಸ್ಥಿತಿ ಬಂತು. ಆಗ 1871ರಲ್ಲಿ ಒಂಬತ್ತು ವಿದ್ಯಾರ್ಥಿಗಳ ತಂಡ ಹಾಡು ಹಾಡಿಕೊಂಡು ಊರೂರು ಹೊರಟಿತು. ಅವರಲ್ಲಿ ಹೆಚ್ಚಿನವರು ಸ್ವತಃ ಗುಲಾಮಗಿರಿಯಲ್ಲಿ ಹುಟ್ಟಿದವರು. ಜೂಬಿಲಿ ಸಿಂಗರ್ಸ್ ಅಂತ ಅವರ ಹೆಸರು. ಹಾಡಿದ್ದು ಸ್ಪಿರಿಚುಯಲ್ ಅನ್ನುವ ಗುಲಾಮರ ಹಾಡು. 1873ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮುಂದೂ ಹಾಡಿದರು. ಆ ದುಡ್ಡಿನಿಂದ ಶಾಲೆ ಉಳಿಯಿತು, ಕಟ್ಟಡವೂ ಎದ್ದಿತು. ಹೊಲದಲ್ಲಿ ಬೆವರಿನ ಜೊತೆ ಹುಟ್ಟಿದ ಹಾಡು ಒಂದು ವಿಶ್ವವಿದ್ಯಾಲಯದ ಗೋಡೆಯಾಯಿತು. ಹಾಡಿನಿಂದ ಏನಾಗುತ್ತೆ ಅಂತ ಕೇಳುವವರಿಗೆ ಇದೂ ಒಂದು ಉತ್ತರ.

ಈ ಹಾಡುಗಳ ಒಳಗುಟ್ಟು ನಿಮಗೆ ಗೊತ್ತಿರಲಿ. ಗುಲಾಮರಿಗೆ ಸಭೆ ಸೇರೋ ಹಾಗಿರಲಿಲ್ಲ, ಓದೋ ಹಾಗಿರಲಿಲ್ಲ. ಹಾಡೋದಕ್ಕೆ ಮಾತ್ರ ಒಡೆಯ ಬಿಡುತ್ತಿದ್ದ. ಹಾಡುತ್ತಾ ಕೆಲಸ ಮಾಡಿದರೆ ಕೆಲಸ ಬೇಗ ಆಗುತ್ತೆ ಅಂತ. ಬೈಬಲ್ಲಿನ ಮೋಸೆಸ್ ಈಜಿಪ್ಟಿನಿಂದ ತನ್ನ ಜನರನ್ನು ಬಿಡಿಸಿಕೊಂಡು ಹೋದ ಕತೆಯನ್ನು ಇವರು ಹಾಡಿದರು. ಜೋರ್ಡಾನ್ ನದಿ ದಾಟುವ ಕತೆ ಹಾಡಿದರು. ಒಡೆಯನಿಗೆ ಅದು ದೇವರ ಪದ. ಹಾಡುವವನಿಗೆ ಈಜಿಪ್ಟು ಅಂದರೆ ಜಾರ್ಜಿಯಾ, ನದಿಯ ಆಚೆ ದಡ ಅಂದರೆ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲೇ ಬರೆದ: ಗುಲಾಮರು ಹಾಡುವುದನ್ನು ನೋಡಿ ಅವರು ಸುಖವಾಗಿದ್ದಾರೆ ಅಂದುಕೊಳ್ಳುವುದು ತಪ್ಪು, ಅವರು ಹೆಚ್ಚು ಹಾಡುವುದು ಹೆಚ್ಚು ದುಃಖದಲ್ಲಿರುವಾಗ ಅಂತ.

ಹೇಯ್ಸನಿಗೆ ಫಿಸ್ಕ್ ಓದು ಪೂರ್ತಿಯಾಗಲಿಲ್ಲ. ಅರ್ಧಕ್ಕೆ ಬಿಟ್ಟು ಲೂಯಿವಿಲ್ ಪಟ್ಟಣದಲ್ಲಿ ದೊಡ್ಡವರ ಕ್ಲಬ್ಬೊಂದರಲ್ಲಿ ಮಾಣಿಯಾದ. ಅದು ಮೂಕಿ ಸಿನಿಮಾ ಕಾಲ. ಟಾಕೀಸಿನಲ್ಲಿ ಚಿತ್ರ ಓಡುವಾಗ ಪರದೆಯ ಹಿಂದೆ ನಿಂತು ಆಪೆರಾ ಹಾಡುಗಳನ್ನು ಹಾಡುವ ಕೆಲಸವೂ ಸಿಕ್ಕಿತು. ಪರದೆಯ ಮೇಲೆ ಬಿಳಿ ಮುಖ, ಹಿಂದೆ ಕಪ್ಪು ಗಂಟಲು. ದನಿ ಬೇಕು, ಮುಖ ಬೇಡ. ಇದು ಅಲ್ಲಿನದು ಮಾತ್ರವಾ? ನಮ್ಮ ತಮಟೆ ಬೇಕು, ತಮಟೆ ಹೊಡೆದವನು ಗುಡಿಯೊಳಗೆ ಬೇಡ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

1911ರಲ್ಲಿ ಜೂಬಿಲಿ ಸಿಂಗರ್ಸ್ ಜೊತೆ ಬಾಸ್ಟನ್ ನಗರಕ್ಕೆ ಹೋಗಿ ಅಲ್ಲೇ ಉಳಿದ. ಒಂದು ವಿಮಾ ಕಂಪನಿಯಲ್ಲಿ ಜವಾನನ ಕೆಲಸ. ತಾಯಿಯನ್ನೂ ಕರೆಸಿಕೊಂಡ. ಆರ್ಥರ್ ಹಬರ್ಡ್ ಅನ್ನೋ ಹೆಸರಾದ ಗುರು ಕಲಿಸಲು ಒಪ್ಪಿದ. ಆದರೆ ಒಂದು ಷರತ್ತು. ಎಲ್ಲರೂ ಬರುವ ಸ್ಟುಡಿಯೋಗೆ ಬರಬಾರದು, ಬಿಳಿ ವಿದ್ಯಾರ್ಥಿಗಳಿಗೆ ಮುಜುಗರ ಆಗುತ್ತೆ, ಪಾಠಕ್ಕೆ ಮನೆಗೆ ಬಾ ಅಂತ. ಉತ್ತರ ಅಮೆರಿಕ, ಗುಲಾಮಗಿರಿ ವಿರುದ್ಧ ಹೋರಾಡಿದ ಬಾಸ್ಟನ್ ಅದು. ಅಲ್ಲೂ ಬಾಗಿಲು ಬೇರೆ. ಹೇಯ್ಸ್ ಹೋದ, ಕಲಿತ. ಅವಮಾನವನ್ನು ನುಂಗಿದ ಅಂತ ನಾವು ಅನ್ನಬಹುದು. ಆದರೆ ವಿದ್ಯೆ ಅವನ ಕೈಗೆ ಬಂತು, ಅದನ್ನು ಮತ್ತೆ ಯಾರೂ ಕಿತ್ತುಕೊಳ್ಳಲು ಆಗಲಿಲ್ಲ.

ಕಲಿತಾಯಿತು, ಹಾಡಿಸುವವರು ಯಾರು? ಆ ದೇಶದಲ್ಲಿ ಕಛೇರಿ ಏರ್ಪಾಟು ಮಾಡುವ ಮ್ಯಾನೇಜರುಗಳಿದ್ದರು. ಕಪ್ಪು ಟೆನರನಿಗೆ ಟಿಕೆಟ್ಟು ಹೋಗಲ್ಲ ಅಂತ ಅವರು ಕೈಬಿಟ್ಟರು. ಹೇಯ್ಸ್ ತಾನೇ ಮ್ಯಾನೇಜರಾದ. ಕಪ್ಪು ಜನರ ಚರ್ಚುಗಳಲ್ಲಿ, ಶಾಲೆಗಳಲ್ಲಿ ಹಾಡುತ್ತಾ ಊರೂರು ತಿರುಗಿದ. ರೆಕಾರ್ಡು ಕಂಪನಿಗೆ ತಾನೇ ದುಡ್ಡು ಕೊಟ್ಟು ರೆಕಾರ್ಡು ಮಾಡಿಸಿ ಅಂಚೆಯಲ್ಲಿ ಮಾರಿದ. ನಾವು ಹಿಂದೆ ಸ್ಟೆನ್ಸಿಲ್ ಕೊಯ್ದು, ಮಸಿ ಉಜ್ಜಿ, ಸಭೆ ಬಾಗಿಲಲ್ಲಿ ನಿಂತು ಪತ್ರಿಕೆ ಮಾರುತ್ತಿದ್ದೆವಲ್ಲ, ಅದೇ ರೀತಿ.

1917ರ ನವೆಂಬರ್ 15. ಬಾಸ್ಟನ್ನಿನ ಸಿಂಫನಿ ಹಾಲ್. ಸುಮಾರು 2600 ಜನ ಕೂರುವ ಜಾಗ. ಹೇಯ್ಸ್ ತನ್ನ ಉಳಿತಾಯ ಹಾಕಿ ಅದನ್ನು ಬಾಡಿಗೆಗೆ ಹಿಡಿದ. ಟಿಕೆಟ್ಟಿಗಾಗಿ ತಾನೇ ಕಾಗದ ಬರೆದು ಜನರನ್ನು ಕರೆದ. ಹಾಲು ತುಂಬಿತು. ಕಪ್ಪು ಸಂಗೀತಗಾರನೊಬ್ಬ ಅಲ್ಲಿ ತನ್ನದೇ ಕಛೇರಿ ನಡೆಸಿದ್ದು ಅದೇ ಮೊದಲು. ಯಾರೂ ಬಾಗಿಲು ತೆರೆದು ಬಾ ಅನ್ನಲಿಲ್ಲ, ಬಾಗಿಲಿಗೆ ಬಾಡಿಗೆ ಕಟ್ಟಿ ಒಳಗೆ ಹೋದ. ಆಗ ಅವನಿಗೆ 30 ವರ್ಷ. ಕರೂಸೋನನ್ನು ಮೆಟ್ರೊಪಾಲಿಟನ್ ಕೈಹಿಡಿದು ಕರೆದ ವಯಸ್ಸೇ ಅದು. ಇಷ್ಟಾದ ಮೇಲೂ ಮ್ಯಾನೇಜರುಗಳ ಮನಸ್ಸು ಬದಲಾಗಲಿಲ್ಲ.

1920ರಲ್ಲಿ ಲಾರೆನ್ಸ್ ಬ್ರೌನ್ ಜೊತೆ ಹಡಗು ಹತ್ತಿ ಲಂಡನ್ನಿಗೆ ಹೋದ. ಅಲ್ಲಿ ಸಣ್ಣಪುಟ್ಟ ಕಛೇರಿಗಳಿಂದ ಶುರುವಾಗಿ ಹೆಸರು ಹಬ್ಬಿತು. 1921ರ ಏಪ್ರಿಲ್‌ನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಐದನೇ ಜಾರ್ಜ್ ದೊರೆಯ ಮುಂದೆ ಹಾಡಿದ. ಅಲ್ಲಿಂದ ಪ್ಯಾರಿಸ್, ವಿಯೆನ್ನಾ. ಇದೇ 1920ರಿಂದ 1923ರವರೆಗೆ ಅದೇ ಲಂಡನ್ನಿನಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಓದುತ್ತಿದ್ದರು ಅನ್ನುವುದನ್ನು ನೆನಪಿಡಿ. ಒಬ್ಬ ಗುಲಾಮಳ ಮಗ, ಒಬ್ಬರು ಅಸ್ಪೃಶ್ಯ ಸಿಪಾಯಿ ಮನೆತನದವರು. ಇಬ್ಬರಿಗೂ ತಮ್ಮ ದೇಶ ಕೊಡದ ಮರ್ಯಾದೆ ಪರದೇಶದಲ್ಲಿ ಸಿಕ್ಕಿತು. ಆ ಮರ್ಯಾದೆ ಕೊಟ್ಟ ಊರು ಲೋಕದ ಸುಮಾರು ಕಾಲು ಭಾಗವನ್ನು ಆಳುತ್ತಿದ್ದ ಸಾಮ್ರಾಜ್ಯದ ರಾಜಧಾನಿ ಅನ್ನುವುದೂ ನಿಜ. ಮುಂದೆ 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡು ಬಾಯ್ಸ್ ಅವರಿಗೆ ಕಾಗದ ಬರೆದು ನಿಮ್ಮ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದರು. ಹಾಗಾಗಿ ಹೇಯ್ಸನ ಕತೆ ಪರದೇಶದ ಕತೆ ಅಂತ ತಳ್ಳಿಹಾಕುವಂಥದಲ್ಲ.

ಈಗ ಬರ್ಲಿನ್ನಿನ ಮಾತು. 1924. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ರೈನ್ ಪ್ರದೇಶವನ್ನು ಫ್ರಾನ್ಸಿನ ಸೈನ್ಯ ಹಿಡಿದು ಕೂತಿತ್ತು. ಆ ಸೈನ್ಯದಲ್ಲಿ ಆಫ್ರಿಕಾದ ವಸಾಹತುಗಳಿಂದ ತಂದ ಕಪ್ಪು ಸೈನಿಕರಿದ್ದರು. ಜರ್ಮನ್ ಪತ್ರಿಕೆಗಳು ಇದೇ ನೆಪದಲ್ಲಿ ಕಪ್ಪು ಜನರ ಮೇಲೆ ವಿಷ ಕಾರುತ್ತಿದ್ದವು. ಇಂಥ ಹೊತ್ತಿನಲ್ಲಿ ಜಾರ್ಜಿಯಾದ ಹತ್ತಿಹೊಲದಿಂದ ಬಂದ ಕಪ್ಪು ಮನುಷ್ಯ ನಮ್ಮ ಮಹಾ ಸಂಗೀತವನ್ನು ಹಾಡಿ ಮೈಲಿಗೆ ಮಾಡುವುದೇ ಅಂತ ಕೂಗೆದ್ದಿತು. ಹೋಗಬೇಡ ಅಂತ ಹಿತೈಷಿಗಳು ಎಚ್ಚರಿಸಿದರು. ಹೇಯ್ಸ್ ಹೋದ. ವೇದಿಕೆಗೆ ಬಂದ ಕೂಡಲೇ ಸಭೆಯಿಂದ ಶಿಳ್ಳೆ, ಛೀಮಾರಿ. ಆತ ಪಿಯಾನೋ ಪಕ್ಕದಲ್ಲಿ ನಿಂತ. ಕೈ ಕಟ್ಟಿ, ಕಣ್ಣು ಮುಚ್ಚಿ ಸುಮ್ಮನೆ ನಿಂತ. ಒಂದು ನಿಮಿಷವಲ್ಲ, ಎರಡು ನಿಮಿಷವಲ್ಲ. ಕೂಗುವವರಿಗೇ ಸಾಕಾಗಿ ಸದ್ದು ಅಡಗುವವರೆಗೂ ನಿಂತ. ಆಮೇಲೆ ಜರ್ಮನರ ಮನೆಮಾತಾದ ಶೂಬರ್ಟನ "ಡು ಬಿಸ್ಟ್ ಡಿ ರೂ" ಅನ್ನುವ ಹಾಡನ್ನು ಅತ್ಯಂತ ಮೆಲ್ಲಗೆ ಎತ್ತಿಕೊಂಡ. ಶಾಂತಿಯನ್ನು ಕರೆಯುವ ಹಾಡು ಅದು. ಅವರದೇ ಭಾಷೆ, ಒಂದು ಅಕ್ಷರ ತಪ್ಪಿಲ್ಲದ ಉಚ್ಚಾರ. ಕೂಗುವವನಿಗಿಂತ ಜೋರಾಗಿ ಕೂಗಿ ಗೆಲ್ಲಬಹುದು. ಈತ ಮೆಲ್ಲಗೆ ಹಾಡಿ ಸಭೆಯನ್ನು ತನ್ನ ಕಡೆ ಬಗ್ಗಿಸಿದ. ಕಛೇರಿ ಮುಗಿಯುವಾಗ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕೇಳೋಕೆ ಇದು ಬಹಳ ಚೆನ್ನಾಗಿದೆ. ಆದರೆ ನಾವು ಇತಿಹಾಸ ಓದುವವರು. ಆ ಚಪ್ಪಾಳೆಯ ನಂತರ ಒಂಬತ್ತು ವರ್ಷಕ್ಕೆ, 1933ರಲ್ಲಿ, ಅದೇ ಊರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಒಂದು ಸಂಜೆ ಒಂದು ಸಭೆಯ ಮನಸ್ಸು ಕರಗಿದ ಮಾತ್ರಕ್ಕೆ ಒಂದು ವ್ಯವಸ್ಥೆ ಕರಗೋದಿಲ್ಲ.

ಯೂರೋಪು ಮೆಚ್ಚಿದ ಮೇಲೆ ಅಮೆರಿಕಕ್ಕೆ ಕಣ್ಣು ಬಂತು. 1923ರ ಕೊನೆಯಲ್ಲಿ ಬಾಸ್ಟನ್ ಸಿಂಫನಿ ವಾದ್ಯವೃಂದವೇ ಅವನನ್ನು ಕರೆದು ಹಾಡಿಸಿತ್ತು. ಆರು ವರ್ಷದ ಹಿಂದೆ ಬಾಡಿಗೆ ಕೊಟ್ಟು ಹಿಡಿದಿದ್ದ ಅದೇ ಹಾಲಿನಲ್ಲಿ. ಆವತ್ತು ಹಾಡಿದ್ದರಲ್ಲಿ ಮೊಝಾರ್ಟನ "ಕೊಸಿ ಫಾನ್ ತುತ್ತೆ" ಆಪೆರಾದ ಒಂದು ಹಾಡಿತ್ತು, ಗುಲಾಮರ ಸ್ಪಿರಿಚುಯಲ್ಲುಗಳೂ ಇದ್ದವು. ಆ ದೇಶದಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುವ ಹಾಡುಗಾರರ ಸಾಲಿಗೆ ಆತ ಸೇರಿದ. ಇದನ್ನೆಲ್ಲ ಪೂರ್ತಿಯಾಗಿ ನೋಡುವ ಭಾಗ್ಯ ತಾಯಿ ಫ್ಯಾನಿಗೆ ಸಿಗಲಿಲ್ಲ. ಆಕೆ 1923ರಲ್ಲೇ ತೀರಿಕೊಂಡಳು.

ಇಲ್ಲಿ ನಾನು ಒಂದು ಮಾತು ಒತ್ತಿ ಹೇಳಬೇಕು. ನಮ್ಮಲ್ಲಿ ಎರಡು ರೀತಿ ವಾದ ನಡೀತಿರುತ್ತೆ. ಶಾಸ್ತ್ರೀಯ ಸಂಗೀತ ಮೇಲಿನವರದು, ಅದು ನಮಗೆ ಬೇಡ, ನಮ್ಮ ತಮಟೆ ನಮ್ಮ ಪದ ಸಾಕು ಅಂತ ಒಂದು. ನಮ್ಮ ಪದ ಬರೀ ಗೋಳು, ಅದನ್ನು ಬಿಟ್ಟು ಸಂಸ್ಕೃತಿ ಕಲಿತು ಮೇಲೆ ಬರಬೇಕು ಅಂತ ಇನ್ನೊಂದು. ಹೇಯ್ಸ್ ಎರಡನ್ನೂ ಒಪ್ಪಲಿಲ್ಲ. ಅವನ ಕಛೇರಿಯಲ್ಲಿ ಮೊದಲು ಮೊಝಾರ್ಟ್, ಶೂಬರ್ಟ್ ಇರುತ್ತಿದ್ದರು, ಕೊನೆಯಲ್ಲಿ ಸ್ಪಿರಿಚುಯಲ್ಲುಗಳು. ಎರಡಕ್ಕೂ ಒಂದೇ ಕೋಟು, ಒಂದೇ ನಿಲುವು, ಒಂದೇ ಶ್ರದ್ಧೆ. ಸ್ಪಿರಿಚುಯಲ್ ಬಂದಾಗ ಹಲ್ಲು ಕಿರಿದು ಕುಣಿದು ಬಿಳಿಯರನ್ನು ನಗಿಸಲಿಲ್ಲ. ಆ ಕಾಲದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರ ಹಾಡನ್ನು ಗೇಲಿ ಮಾಡುವ ಆಟಗಳು ಊರೂರಲ್ಲಿ ನಡೆಯುತ್ತಿದ್ದವು. ಅದೇ ಹಾಡನ್ನು ಈತ ಶೂಬರ್ಟನ ಪಕ್ಕದಲ್ಲಿ ಕೂರಿಸಿದ. ನಮ್ಮ ಅಜ್ಜಅಜ್ಜಿಯರ ಹಾಡು ನಿಮ್ಮ ಮಹಾಕವಿಗಳ ಹಾಡಿಗೆ ಸರಿಸಮ ಅಂತ ಬಾಯಲ್ಲಿ ಹೇಳಲಿಲ್ಲ, ಸಾಬೀತು ಮಾಡಿ ತೋರಿಸಿದ. 1948ರಲ್ಲಿ ಆ ಹಾಡುಗಳನ್ನು ಸ್ವರ ಹಾಕಿ ಪುಸ್ತಕವಾಗಿಯೂ ತಂದ. ಮನುಷ್ಯ ಕಟ್ಟಿದ ಯಾವ ಸಂಗೀತಕ್ಕೂ ಯಾವ ಮನುಷ್ಯನೂ ಹಕ್ಕುದಾರ. ತನ್ನದನ್ನು ಬಿಟ್ಟು ಬಾ ಅನ್ನುವ ಷರತ್ತು ಮಾತ್ರ ಒಪ್ಪತಕ್ಕದ್ದಲ್ಲ.

1926ರಲ್ಲಿ ಹೇಯ್ಸ್ ಜಾರ್ಜಿಯಾದಲ್ಲಿ ಜಮೀನು ಕೊಂಡ. ಯಾವ ಜಮೀನು? ತಾಯಿ ಗುಲಾಮಳಾಗಿ ದುಡಿದಿದ್ದ ಜಮೀನು, 600 ಎಕರೆ. ಪತ್ರಿಕೆಗಳಲ್ಲಿ ಬರೆಯುವ "ಮೇಲೆ ಬಂದವನ ಕತೆ" ಇಲ್ಲಿಗೆ ಮುಗಿಯುತ್ತೆ. ಸಿನಿಮಾ ಆದರೆ ಇಲ್ಲಿ ಶುಭಂ ಅಂತ ಬರುತ್ತೆ. ಆದರೆ ಬದುಕು ಇನ್ನೂ ಇದೆ.

1942ರ ಜುಲೈ. ಆ ಜಮೀನಿಗೆ ಹತ್ತಿರದ ಪಟ್ಟಣ ರೋಮ್. ಇಟಲಿಯ ರೋಮ್ ಅಲ್ಲ, ಜಾರ್ಜಿಯಾದ ರೋಮ್. ಹೇಯ್ಸನ ಹೆಂಡತಿ ಆಲ್ಜಾಡಾ, ಮಗಳನ್ನು ಕರಕೊಂಡು ಒಂದು ಬೂಟಿನ ಅಂಗಡಿಗೆ ಹೋದಳು. ಮಗಳ ಹೆಸರು ಆಫ್ರಿಕಾ. ಹೆಸರು ಗಮನಿಸಿ. ಸೆಖೆ ದಿನ, ಫ್ಯಾನಿನ ಹತ್ತಿರದ ಕುರ್ಚಿಯಲ್ಲಿ ಕೂತರು. ಅದು ಬಿಳಿಯರ ಕುರ್ಚಿ, ಏಳಿ, ಹಿಂದೆ ಹೋಗಿ ಅಂದ ಅಂಗಡಿಯವನು. ಆಕೆ ಸುಮ್ಮನಾಗಲಿಲ್ಲ, ಮಾತಿಗೆ ಮಾತು ಕೊಟ್ಟು ಹೊರಗೆ ಬಂದಳು. ವಿಷಯ ತಿಳಿದು ಹೇಯ್ಸ್ ಅಂಗಡಿಗೆ ಹೋಗಿ ಸಮಾಧಾನದಿಂದ ಮಾತಾಡಿ ಬಂದ. ಅಷ್ಟರಲ್ಲಿ ಪೊಲೀಸರು ಬಂದರು. ಗಂಡಹೆಂಡತಿ ಇಬ್ಬರನ್ನೂ ಹಿಡಿದರು. 55 ವರ್ಷದ ಹೇಯ್ಸನ ಮುಖಕ್ಕೆ ಹೊಡೆದರು. ಇಬ್ಬರನ್ನೂ ಲಾಕಪ್ಪಿಗೆ ಹಾಕಿದರು.

ಇಂಗ್ಲೆಂಡಿನ ದೊರೆ ಎದುರು ಕೂರಿಸಿಕೊಂಡು ಹಾಡು ಕೇಳಿದ ಮನುಷ್ಯ. ಬರ್ಲಿನ್ನಿನ ಶಿಳ್ಳೆಯನ್ನು ಮೌನದಿಂದ ಅಡಗಿಸಿದ ಮನುಷ್ಯ. 600 ಎಕರೆಯ ಒಡೆಯ. ಹೆಂಡತಿ ಒಂದು ಕುರ್ಚಿಯ ಮೇಲೆ ಕೂತ ತಪ್ಪಿಗೆ ಅವನ ಮುಖಕ್ಕೆ ಏಟು. ನೀನು ಯಾರು, ಏನು ಸಾಧಿಸಿದ್ದೀಯಾ ಅಂತ ಆ ಏಟು ಕೇಳಲಿಲ್ಲ. ಕೇಳುವುದೂ ಇಲ್ಲ. ರಾಜ್ಯದ ಗವರ್ನರ್ ಟಾಲ್‌ಮಡ್ಜ್ ತಪ್ಪಾಯಿತು ಅನ್ನಲಿಲ್ಲ. ನಮ್ಮ ಪದ್ಧತಿ ಹಿಡಿಸದಿದ್ದರೆ ಜಾರ್ಜಿಯಾಕ್ಕೆ ಬರಬೇಡಿ ಅನ್ನೋ ಧಾಟಿಯಲ್ಲಿ ಮಾತಾಡಿದ. ಅಮೆರಿಕ ಆಗ ಹಿಟ್ಲರನ ವಿರುದ್ಧ ಸ್ವಾತಂತ್ರ್ಯದ ಹೆಸರಲ್ಲಿ ಯುದ್ಧ ಮಾಡುತ್ತಿತ್ತು ಅನ್ನುವುದು ನೆನಪಿರಲಿ. ಕಪ್ಪು ಜನರ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಈ ಏಟಿನ ಮೇಲೆಯೇ ಒಂದು ಪದ್ಯ ಬರೆದ. ಹೇಯ್ಸ್ ದ್ವೇಷದ ಮಾತಾಡಲಿಲ್ಲ. ಆದರೆ ತಾಯಿಯ ನೆನಪಿನ ಆ ಜಮೀನಿನಲ್ಲಿ ಕೊನೆಗೂ ನೆಲೆ ನಿಲ್ಲಲಿಲ್ಲ, ಮಾರಿಬಿಟ್ಟ.

ಈಗ ನಾವು ಶುರುವಿನಲ್ಲಿ ಇಟ್ಟುಕೊಂಡ ಪ್ರಶ್ನೆಗೆ ಬರೋಣ. ಪ್ರತಿಭೆ ಇದ್ದರೆ ಯಾರು ಬೇಕಾದರೂ ಮೇಲೆ ಬರಬಹುದು ಅನ್ನುವುದು ನಿಜವಾ? ಹೇಯ್ಸನಿಗೆ ಪ್ರತಿಭೆ ಇತ್ತು, ಶ್ರಮ ಇತ್ತು, ತಾಯಿ ಇದ್ದಳು, ಕಾಲ್ಹೌನನಂಥ ಗುರು ಇದ್ದ, ಗುಲಾಮರ ಮಕ್ಕಳು ಹಾಡಿ ಉಳಿಸಿದ ಶಾಲೆ ಇತ್ತು. ಚರ್ಚುಗಳಲ್ಲಿ ಪೈಸೆ ಪೈಸೆ ಕೊಟ್ಟು ಹಾಡು ಕೇಳಿದ ಕಪ್ಪು ಬಡವರು ಇದ್ದರು. ಇಷ್ಟು ಜನ ಸೇರಿ ಒಬ್ಬನನ್ನು ಎತ್ತಿದರು. ಹಾಗಿದ್ದ ಮೇಲೆ ಒಬ್ಬನೇ ಮೇಲೆ ಬಂದ ಅನ್ನೋದೇ ಸುಳ್ಳು. ಮೇಲೆ ಬಂದ ಮೇಲೂ ಏಟು ತಪ್ಪಲಿಲ್ಲ ಅನ್ನೋದು ಎರಡನೇ ಮಾತು. ಒಬ್ಬನ ಏಳಿಗೆಯಿಂದ ಅವಮಾನ ಹೋಗುವುದಾಗಿದ್ದರೆ 1942ರಲ್ಲಿ ಆ ಕೈ ಎತ್ತಬಾರದಾಗಿತ್ತು.

ಹಾಗಾದರೆ ಅವನು ಹಾಡಿದ್ದೆಲ್ಲ ವ್ಯರ್ಥವಾ? ಖಂಡಿತ ಇಲ್ಲ. ಫಿಲಡೆಲ್ಫಿಯಾದ ಚರ್ಚಿಗೆ ಹೇಯ್ಸ್ ಹಾಡಲು ಹೋಗುತ್ತಿದ್ದಾಗ ಅಲ್ಲಿ ಒಬ್ಬ ಬಡ ಹುಡುಗಿ ಹಾಡುತ್ತಿದ್ದಳು. ಆಕೆ ಕಲಿಯಬೇಕು ಅಂತ ಒತ್ತಾಯ ಮಾಡಿದವರಲ್ಲಿ ಹೇಯ್ಸ್ ಒಬ್ಬ. ಆ ಹುಡುಗಿ ಮೇರಿಯನ್ ಆಂಡರ್ಸನ್. 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಹಾಲಿನವರು ಕಪ್ಪು ಬಣ್ಣ ಅಂತ ಆಕೆಗೆ ಜಾಗ ಕೊಡಲಿಲ್ಲ. ಆಗ ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಬಯಲಲ್ಲಿ ನಿಂತು ಹಾಡಿದಳು. ಕೇಳಿದವರು 75,000 ಜನ. 1955ರ ಜನವರಿ 7ರಂದು ಮೆಟ್ರೊಪಾಲಿಟನ್ ಆಪೆರಾ ಮೊದಲ ಸಲ ಒಬ್ಬ ಕಪ್ಪು ಗಾಯಕಿಗೆ ಪಾರ್ಟು ಕೊಟ್ಟಿತು. ಅದು ಇದೇ ಮೇರಿಯನ್ ಆಂಡರ್ಸನ್. ಆ ಸಂಸ್ಥೆ ಶುರುವಾದದ್ದು 1883ರಲ್ಲಿ. ಬಾಗಿಲು ತೆರೆಯಲು 72 ವರ್ಷ ಬೇಕಾಯಿತು. ಅಷ್ಟು ಹೊತ್ತಿಗೆ ಹೇಯ್ಸನಿಗೆ 67 ವರ್ಷ, ಆತ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದ.

1961ರಲ್ಲಿ ಜಾರ್ಜ್ ಶರ್ಲಿ ಅನ್ನುವ ಯುವಕ ಮೆಟ್ರೊಪಾಲಿಟನ್‌ನಲ್ಲಿ ನಾಯಕನ ಪಾರ್ಟು ಹಾಡಿದ ಮೊದಲ ಕಪ್ಪು ಟೆನರ್ ಆದ. ಅವನು ಮೊದಲು ವೇಷ ಹಾಕಿದ್ದು ಯಾವ ಆಪೆರಾದಲ್ಲಿ ಗೊತ್ತಾ? ಅದೇ "ಕೊಸಿ ಫಾನ್ ತುತ್ತೆ". 1923ರಲ್ಲಿ ಹೇಯ್ಸ್ ವೇಷವಿಲ್ಲದೆ ನಿಂತು ಹಾಡಿದ್ದ ಆಪೆರಾವನ್ನು 38 ವರ್ಷದ ನಂತರ ಅವನ ಕುಲದ ಇನ್ನೊಬ್ಬ ವೇಷ ಹಾಕಿ ಹಾಡಿದ. ಈ 38 ವರ್ಷದಲ್ಲಿ ಬಾಗಿಲು ತಾನಾಗಿ ತೆರೆಯಲಿಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟು ಏಳದವರು, ಶಾಲೆ ಬಾಗಿಲಲ್ಲಿ ಉಗುಳು ತಿಂದ ಮಕ್ಕಳು, ಹೋಟೆಲಿನಲ್ಲಿ ಕೂತು ಏಟು ತಿಂದ ವಿದ್ಯಾರ್ಥಿಗಳು, ಇವರೆಲ್ಲ ಸೇರಿ ತಳ್ಳಿದ ಬಾಗಿಲು ಅದು. ಹಾಡುಗಾರ ಒಳಗಿನಿಂದ ತಟ್ಟಿದ, ಜನ ಹೊರಗಿನಿಂದ ತಳ್ಳಿದರು. ಒಂದೇ ಆಗಿದ್ದರೆ ಆಗುತ್ತಿರಲಿಲ್ಲ.

ಇಲ್ಲಿ ಕೂತಿರುವವರಲ್ಲಿ ಚೆನ್ನಾಗಿ ಹಾಡುವವರಿದ್ದೀರಿ. ತಮಟೆ ಹಿಡಿದರೆ ಊರು ನಿಲ್ಲುವಂಥವರಿದ್ದೀರಿ. ನಿಮಗೆ ನನ್ನ ಮಾತು ಇಷ್ಟೇ. ಕಲಿಯಿರಿ. ಯಾರ ಸಂಗೀತವಾದರೂ ಸರಿ, ಪೂರ್ತಿಯಾಗಿ ಕಲಿಯಿರಿ. ಅರ್ಧ ಕಲಿತು ಅವರು ಬಿಡಲಿಲ್ಲ ಅನ್ನೋ ಮಾತು ಬೇಡ. ನಿಮ್ಮ ಅವ್ವ ಹಾಡಿದ ಪದವನ್ನು ವೇದಿಕೆ ಹತ್ತುವಾಗ ಹೊರಗೆ ಬಿಟ್ಟು ಹೋಗಬೇಡಿ. ಮೇಲೆ ಹೋದ ದಿನ, ಹೊರಗೆ ತಳ್ಳುತ್ತಾ ನಿಂತವರನ್ನು ಮರೀಬೇಡಿ. ಮತ್ತೆ ಉಳಿದ ನಾವು, ನಮ್ಮವನೊಬ್ಬ ಮೇಲೆ ಹೋದ ಅಂತ ಹಾರ ಹಾಕಿ ಮನೆಗೆ ಹೋಗಿ ಮಲಗೋದಲ್ಲ. ಅವನ ಹೆಂಡತಿ ಮಕ್ಕಳು ಊರಿನ ಅಂಗಡಿಯಲ್ಲಿ ಯಾವ ಕುರ್ಚಿಯಲ್ಲಾದರೂ ಕೂತು ಚಪ್ಪಲಿ ಕೊಳ್ಳುವಂತಾಗಬೇಕು. ಹಾಡೇ ಬಾರದ ಕೂಲಿಯವನ ಹೆಂಡತಿಯೂ ಹಾಗೆಯೇ ಕೂರುವಂತಾಗಬೇಕು. ಅಲ್ಲಿವರೆಗೆ ಯಾರೂ ಮೇಲೆ ಬಂದ ಹಾಗಲ್ಲ.